ಅನ್ನವುಂಟು, ಪಾಲಿಲ್ಲ: ಜಡಭರತನ ಕಥೆಯೂ ನಮ್ಮ ಮನೆಗಳೂ

ನಮ್ಮ ನಾಡಿನಲ್ಲಿ ಬುದ್ಧಿ ಬಲಿಯದ ಮಗನನ್ನೋ ಮಗಳನ್ನೋ ಕಂಡಾಗ ಜನರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಎರಡೇ. “ಯಾವ ಜನ್ಮದ ಕರ್ಮವೋ!” ಎಂಬುದು ಒಂದು; “ಪಾಪ, ದೇವರಂಥ ಮಗು” ಎಂಬುದು ಇನ್ನೊಂದು. ಮೊದಲನೆಯದನ್ನು ಮರೆಯಲ್ಲಿ ಆಡುತ್ತಾರೆ, ಎರಡನೆಯದನ್ನು ಎದುರಿನಲ್ಲಿ. ಒಂದು ನಿಂದೆ, ಇನ್ನೊಂದು ಸಾಂತ್ವನ ಎಂದು ತೋರಿದರೂ ಇವೆರಡಕ್ಕೂ ಒಂದು ಸಾಮ್ಯವುಂಟು. ಎರಡೂ ಹೆತ್ತವರನ್ನು ಕುರಿತ ಮಾತುಗಳೇ ಹೊರತು ಆ ವ್ಯಕ್ತಿಯನ್ನು ಕುರಿತವಲ್ಲ. ಹೆತ್ತವರ ಕರ್ಮ, ಹೆತ್ತವರ ಪುಣ್ಯ, ಹೆತ್ತವರ ಸಹನೆ, ಇಷ್ಟರಲ್ಲೇ ಚರ್ಚೆ ಮುಗಿಯುತ್ತದೆ. ಅಷ್ಟರಲ್ಲಿ ಆ ‘ಮಗು’ವಿಗೆ ಮೂವತ್ತು ದಾಟಿ ಗಡ್ಡದಲ್ಲಿ ಒಂದೆರಡು ನರೆಗೂದಲು ಕಾಣಿಸಿಕೊಂಡಿರುತ್ತವೆ.

ಬೆಳೆದು ನಿಂತ ಇಂಥ ಮಗನಿಗೆ ನಮ್ಮ ಶ್ರದ್ಧೆಯು ಏನನ್ನು ಕೊಟ್ಟಿದೆ, ಏನನ್ನು ಕೊಟ್ಟಿಲ್ಲ ಎಂಬುದನ್ನು ನೋಡಬೇಕೆಂಬುದೇ ಈ ಲೇಖನದ ಉದ್ದೇಶ. ಇದಕ್ಕಾಗಿ ನಾನು ಎರಡು ಗ್ರಂಥಗಳನ್ನು ಆರಿಸಿಕೊಂಡಿದ್ದೇನೆ. ಒಂದು, ನಮ್ಮ ಅಜ್ಜಿಯಂದಿರೂ ಬಲ್ಲ ಭಾಗವತ. ಇನ್ನೊಂದು, ನಮ್ಮ ಕನ್ನಡನಾಡಿನ ಕಲ್ಯಾಣದಲ್ಲೇ ಹುಟ್ಟಿದ ಮಿತಾಕ್ಷರಾ. ನಾನು ಇತಿಹಾಸದ ವಿದ್ಯಾರ್ಥಿನಿ. ಸಂಸ್ಕೃತ ಪಾಂಡಿತ್ಯ ನನಗಿಲ್ಲ. ಕನ್ನಡ ಅನುವಾದಗಳನ್ನು ಮುಂದಿಟ್ಟುಕೊಂಡು, ಸಂಶಯ ಬಂದಲ್ಲಿ ನಮ್ಮ ಅಧ್ಯಾಪಕರನ್ನು ಕೇಳಿ ತಿಳಿದುಕೊಂಡಿದ್ದೇನೆ.

ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಜಡಭರತನ ಕಥೆ ಎಲ್ಲರಿಗೂ ಗೊತ್ತಿರುವಂಥದು. ರಾಜನಾಗಿದ್ದ ಭರತ ಕಾಡಿನಲ್ಲಿ ತಪಸ್ಸಿಗೆ ಕುಳಿತು, ತಾಯಿ ಸತ್ತ ಜಿಂಕೆಮರಿಯೊಂದರ ಮೇಲಿನ ಮಮತೆಯಿಂದ ಜಿಂಕೆಯಾಗಿ ಹುಟ್ಟಿದ. ಅನಂತರ ಆಂಗಿರಸ ವಂಶದ ಬ್ರಾಹ್ಮಣನೊಬ್ಬನ ಮಗನಾಗಿ ಜನ್ಮವೆತ್ತಿದ. ಹಿಂದಿನ ಜನ್ಮಗಳ ನೆನಪಿದ್ದುದರಿಂದ ಮತ್ತೆ ಸಂಗದಲ್ಲಿ ಸಿಕ್ಕಿಬೀಳಬಾರದೆಂದು ಜನರೆದುರಿಗೆ ಜಡನಂತೆ, ಕಿವುಡನಂತೆ, ಕುರುಡನಂತೆ ನಡೆದುಕೊಂಡ. ಹರಿಕಥೆಯ ದಾಸರು ಇಷ್ಟನ್ನು ಬೇಗ ಬೇಗನೆ ಹೇಳಿ ಮುಗಿಸಿ ರಹೂಗಣ ರಾಜನ ಪಲ್ಲಕ್ಕಿಯ ಪ್ರಸಂಗಕ್ಕೆ ಬಂದುಬಿಡುತ್ತಾರೆ. ಅಲ್ಲಿ ತತ್ತ್ವವಿದೆ, ಸಂವಾದವಿದೆ, ಹಾಡಿಗೆ ಅವಕಾಶವಿದೆ. ಆದರೆ ನನ್ನ ಮನಸ್ಸು ನಿಂತದ್ದು ಪಲ್ಲಕ್ಕಿಗಿಂತ ಹಿಂದಿನ ನಾಲ್ಕಾರು ಶ್ಲೋಕಗಳಲ್ಲಿ.

ಅಲ್ಲಿ ತಂದೆಯೊಬ್ಬನಿದ್ದಾನೆ. ಮಗ ಜಡನೆಂದು ಊರಿಗೆಲ್ಲ ಗೊತ್ತಾದರೂ ಆತ ಪುತ್ರವಾತ್ಸಲ್ಯದಿಂದ ಅವನಿಗೆ ಉಪನಯನ ಮಾಡುತ್ತಾನೆ. ಶೌಚ, ಆಚಮನ ಮೊದಲಾದವನ್ನು ಕಲಿಸಲು ಹೊರಡುತ್ತಾನೆ. ವಸಂತ, ಗ್ರೀಷ್ಮಗಳ ನಾಲ್ಕು ತಿಂಗಳೂ ಕುಳಿತು ಗಾಯತ್ರಿಯನ್ನು ಹೇಳಿಕೊಡುತ್ತಾನೆ; ಮಗನಿಗೆ ಅದು ಬಾಯಿಗೆ ಬರುವುದಿಲ್ಲ. ಮಗನು ಕಲಿಯಬೇಕೆಂಬ ಆಸೆ ನೆರವೇರದೆಯೇ ತಂದೆ ಕಾಲವಾಗುತ್ತಾನೆ. ಕಿರಿಯ ಹೆಂಡತಿಯಾದ ತಾಯಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗಳನ್ನು ಸವತಿಯ ಕೈಗೆ ಒಪ್ಪಿಸಿ ಗಂಡನ ಹಿಂದೆಯೇ ಹೋಗುತ್ತಾಳೆ. ಹಿರಿಯ ಹೆಂಡತಿಯ ಒಂಬತ್ತು ಗಂಡುಮಕ್ಕಳು ವೇದ ಓದಿದವರು. ತಮ್ಮನು ದಡ್ಡನೆಂದು ತೀರ್ಮಾನಿಸಿ ಕಲಿಸುವ ಪ್ರಯತ್ನವನ್ನು ಅವರು ಕೈಬಿಡುತ್ತಾರೆ. ಗದ್ದೆಯ ಕೆಲಸಕ್ಕೆ ಹಚ್ಚುತ್ತಾರೆ. ಎಲ್ಲಿ ತಗ್ಗು, ಎಲ್ಲಿ ದಿಣ್ಣೆ, ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದು ಅವನಿಗೆ ತಿಳಿಯದು. ಊಟಕ್ಕೆ ನುಚ್ಚು, ಹಿಂಡಿ, ಹೊಟ್ಟು, ಹುಳು ಹಿಡಿದ ಕಾಳು, ಪಾತ್ರೆಯ ತಳಕ್ಕೆ ಹತ್ತಿದ ಸೀಕಲು ಇವನ್ನು ಹಾಕುತ್ತಾರೆ. ಅವನು ಅದನ್ನೇ ಅಮೃತವೆಂಬಂತೆ ಉಣ್ಣುತ್ತಾನೆ.

ತಂದೆತಾಯಿ ಹೋದ ಮೇಲೆ ಇಂಥ ಮಗನ ಗತಿಯೇನು ಎಂಬ ಪ್ರಶ್ನೆಯನ್ನು ಆಧುನಿಕ ಕಾಲದ್ದೆಂದು ನಾವು ತಿಳಿದಿದ್ದೇವೆ. ಪುರಾಣಕಾರನು ಅದನ್ನು ಎಷ್ಟು ಕಣ್ಣಾರೆ ಕಂಡಂತೆ ಬರೆದಿದ್ದಾನೆ ನೋಡಿ! ಅಣ್ಣಂದಿರು ರಾಕ್ಷಸರಲ್ಲ. ಹೊಡೆದರೆಂದು ಎಲ್ಲಿಯೂ ಹೇಳಿಲ್ಲ. ಊಟ ಹಾಕಿದ್ದಾರೆ, ಕೆಲಸ ಕೊಟ್ಟಿದ್ದಾರೆ. ಆದರೂ ಒಂದು ರಾತ್ರಿ ಅವನು ಹೊಲ ಕಾಯುತ್ತಿದ್ದಾಗ, ಭದ್ರಕಾಳಿಗೆ ನರಬಲಿ ಕೊಡಲು ಹೊರಟ ಕಳ್ಳರ ಗುಂಪು ಬಂದು ಅವನನ್ನು ಹಗ್ಗದಲ್ಲಿ ಬಿಗಿದು ಎಳೆದೊಯ್ಯುತ್ತದೆ. ಅಣ್ಣಂದಿರು ಹುಡುಕಿಕೊಂಡು ಬಂದರೆಂಬ ಮಾತು ಕಥೆಯಲ್ಲಿಲ್ಲ. ಅವನನ್ನು ಉಳಿಸಿದವಳು ಕಾಳಿಯೇ. ಮೂರ್ತಿಯನ್ನು ಒಡೆದುಕೊಂಡು ಹೊರಗೆ ಬಂದು ಕಳ್ಳರ ತಲೆಗಳನ್ನು ಅವರದೇ ಕತ್ತಿಯಿಂದ ಕಡಿದಳು.

ಇನ್ನೊಂದು ವಿಷಯ. ಭರತನಿಗೆ ಒಬ್ಬಳು ಸೋದರಿಯಿದ್ದಳು, ಜೊತೆಯಲ್ಲೇ ಹುಟ್ಟಿದವಳು. ಅವಳಿಗಳು ಹುಟ್ಟಿದ ಸಂಗತಿ ಹೇಳುವಾಗ ಒಮ್ಮೆ, ತಾಯಿ ಅವರನ್ನು ಸವತಿಗೆ ಒಪ್ಪಿಸುವಾಗ ಒಮ್ಮೆ, ಹೀಗೆ ಎರಡು ಸಲ ಅವಳ ಸುಳಿವು ಸಿಗುತ್ತದೆ. ಹೆಸರಿಲ್ಲ. ಆಮೇಲೆ ಅವಳೇನಾದಳೆಂಬುದೂ ಇಲ್ಲ. ಮದುವೆಯಾಗಿ ಹೋದಳೇ? ಆ ಸೀಕಲು ಊಟವನ್ನು ನೋಡಿದಳೇ? ಪುರಾಣ ಸುಮ್ಮನಿದೆ. ನಾನು ಇದನ್ನು ಕೇಳಲು ಕಾರಣವುಂಟು, ಮುಂದೆ ಹೇಳುತ್ತೇನೆ.

ಜಡಭರತನ ಕಥೆ ನಮ್ಮ ಮನೆಗಳಲ್ಲಿ ದೊಡ್ಡ ಸಮಾಧಾನವಾಗಿ ಬಳಕೆಯಲ್ಲಿದೆ. “ಯಾರಿಗೆ ಗೊತ್ತು, ಇವನೂ ಜಡಭರತನೇ ಇರಬಹುದು” ಎನ್ನುತ್ತಾರೆ. ಮಾತು ಹಿತವಾಗಿದೆ. ಆದರೆ ಸ್ವಲ್ಪ ಯೋಚಿಸಿದರೆ ಇದರಲ್ಲಿ ಒಂದು ತೊಡಕು ಕಾಣುತ್ತದೆ. ಭರತನಿಗೆ ಗೌರವ ಸಿಕ್ಕಿದ್ದು ಅವನು ಜಡನಾಗಿದ್ದರಿಂದಲ್ಲ, ಜಡನಲ್ಲದಿದ್ದುದರಿಂದ. ಪಲ್ಲಕ್ಕಿ ಹೊತ್ತು, ಇರುವೆ ಹುಳುಗಳನ್ನು ತುಳಿಯದಂತೆ ನೋಡಿ ನೋಡಿ ಹೆಜ್ಜೆಯಿಡುತ್ತಿದ್ದಾಗ ರಾಜ ಗದರಿದ. ಭರತ ಬಾಯಿ ತೆರೆದು ಆತ್ಮತತ್ತ್ವವನ್ನು ಹೇಳಿದ. ರಾಜ ಕೆಳಗಿಳಿದು ಕಾಲಿಗೆ ಬಿದ್ದ. ಬಾಯಿ ತೆರೆಯದೇ ಇದ್ದಿದ್ದರೆ? ನಿಜವಾಗಿಯೂ ಅವನಿಗೆ ಹೇಳಲು ಏನೂ ಇಲ್ಲದಿದ್ದರೆ? ಆಗ ರಹೂಗಣ ಮಹಾರಾಜ ಪಲ್ಲಕ್ಕಿಯಿಂದ ಇಳಿಯುತ್ತಿರಲಿಲ್ಲ. ಒಳಗೊಳಗೇ ಜ್ಞಾನಿಯಾಗಿದ್ದರೆ ಮಾತ್ರ ಮಾನ್ಯತೆ ಎಂಬ ಈ ಷರತ್ತಿನಡಿ ಎಷ್ಟು ಮಂದಿ ತೇರ್ಗಡೆಯಾದಾರು? ಆ ಕಥೆಯಲ್ಲಿ ನನಗೆ ರಾಜನಿಗಿಂತ ದೊಡ್ಡವನಾಗಿ ಕಾಣುವವನು ನಾಲ್ಕು ತಿಂಗಳು ಗಾಯತ್ರಿ ಹೇಳಿಕೊಟ್ಟ ಆ ತಂದೆ. ಮಗನು ಜ್ಞಾನಿಯೆಂಬ ಗುಟ್ಟು ಅವನಿಗೆ ಗೊತ್ತಿರಲಿಲ್ಲವಲ್ಲ!

ಪುರಾಣದಿಂದ ಈಗ ಧರ್ಮಶಾಸ್ತ್ರಕ್ಕೆ ಬರೋಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅದು. ಆತನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಬಂಗಾಳ, ಅಸ್ಸಾಮುಗಳ ಹೊರತು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯು ಶತಮಾನಗಳ ಕಾಲ ಇದರ ಪ್ರಕಾರವೇ ಹಂಚಿಕೆಯಾಯಿತೆಂದರೆ ನಮಗೆ ಹೆಮ್ಮೆಯೇ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಇದರ ಮುಖ್ಯ ಸಿದ್ಧಾಂತ. ಆದರೆ ಯಾಜ್ಞವಲ್ಕ್ಯನು ಕೆಲವರನ್ನು ಹೊರಗಿಡುತ್ತಾನೆ: ನಪುಂಸಕ, ಪತಿತ, ಹೆಳವ, ಹುಚ್ಚ, ಜಡ, ಕುರುಡ, ವಾಸಿಯಾಗದ ರೋಗವುಳ್ಳವ ಇತ್ಯಾದಿ. ಇವರು ‘ಭರ್ತವ್ಯ’ರು, ಆದರೆ ‘ನಿರಂಶಕ’ರು. ಎಂದರೆ ಸಾಕಬೇಕಾದವರು, ಪಾಲಿಲ್ಲದವರು. ಜಡನೆಂದರೆ ಯಾರು ಎಂಬುದಕ್ಕೆ ವಿಜ್ಞಾನೇಶ್ವರನು ಕೊಡುವ ವಿವರಣೆ, ಅಂತಃಕರಣವು ವಿಕಲವಾಗಿದ್ದು ಹಿತಾಹಿತವನ್ನು ನಿರ್ಧರಿಸಲಾರದವನು ಎಂದು. ಇಂದು ಸರ್ಕಾರಿ ಕಾಗದಗಳಲ್ಲಿ ನಾವು ಬಳಸುವ ‘ವಿಕಲಚೇತನ’ ಎಂಬ ಮಾತಿಗೂ ಇದಕ್ಕೂ ಎಷ್ಟು ನೆಂಟು!

ನ್ಯಾಯವಾಗಿ ಹೇಳಬೇಕೆಂದರೆ ಶಾಸ್ತ್ರಕಾರರು ಕಟುಕರಲ್ಲ. ಇಂಥವರಿಗೆ ಜೀವಮಾನವಿಡೀ ಅನ್ನವಸ್ತ್ರ ಕೊಡದವನು ಪತಿತನಾಗುತ್ತಾನೆಂದು ಮನು ಎಚ್ಚರಿಸುತ್ತಾನೆ. ವಿಭಾಗವಾದ ಮೇಲೆ ಔಷಧದಿಂದ ದೋಷ ನೀಗಿದರೆ ಪಾಲು ಕೊಡಬೇಕೆಂದು ಮಿತಾಕ್ಷರಾ ಹೇಳುತ್ತದೆ. ಇವರಿಗೆ ನಿರ್ದೋಷಿಗಳಾದ ಮಕ್ಕಳಿದ್ದರೆ ಅವರಿಗೆ ಪಾಲು ಉಂಟು. ಹೆಣ್ಣುಮಕ್ಕಳನ್ನು ಮದುವೆಯವರೆಗೆ ಸಾಕಬೇಕು. ಅಷ್ಟೇ ಅಲ್ಲ, ಬೌಧಾಯನ ಗೃಹ್ಯಶೇಷಸೂತ್ರದಲ್ಲಿ ಕಿವುಡ, ಮೂಕ, ಜಡರ ಉಪನಯನಕ್ಕೆಂದೇ ಒಂದು ಕ್ರಮವಿದೆ. ವಸ್ತ್ರ, ಮೇಖಲೆ, ಅಜಿನ, ದಂಡಗಳನ್ನು ಮೌನವಾಗಿ ಕೊಡುತ್ತಾರೆ; ವಟು ತನ್ನ ಹೆಸರು ಹೇಳಬೇಕಾಗಿಲ್ಲ; ಅವನು ಹೇಳಬೇಕಾದ ಮಂತ್ರಗಳನ್ನು ಆಚಾರ್ಯನೇ ಮೆಲುದನಿಯಲ್ಲಿ ಹೇಳುತ್ತಾನೆ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಮಂತ್ರ ಬಾರದವನು ಹೊರಗಿರಲಿ ಎನ್ನಲಿಲ್ಲ. ಅವನ ಬಾಯಾಗಿ ಇನ್ನೊಬ್ಬನು ಹೇಳಲಿ ಎಂದರು. ಇದೇ ಬುದ್ಧಿಯನ್ನು ಆಸ್ತಿಯ ವಿಷಯದಲ್ಲಿಯೂ ಓಡಿಸಬಹುದಾಗಿತ್ತು. ಲೆಕ್ಕ ಬಾರದವನ ಪಾಲನ್ನು ಇನ್ನೊಬ್ಬನು ಅವನ ಹೆಸರಿನಲ್ಲಿ ನೋಡಿಕೊಳ್ಳಲಿ ಎನ್ನಬಹುದಾಗಿತ್ತು. ಮುಸಲ್ಮಾನರ ಧರ್ಮಶಾಸ್ತ್ರವು ಈ ದಾರಿಯನ್ನು ಹಿಡಿದಿದೆ. ಬುದ್ಧಿಯ ಕೊರತೆ ಅಲ್ಲಿ ವಾರಸುದಾರಿಕೆಗೆ ಅಡ್ಡಿಯಲ್ಲ. ಪಾಲು ಅವನದೇ, ನೋಡಿಕೊಳ್ಳುವವನು ಪೋಷಕ. ಅವನಿಗೆ ಅನ್ನವಸ್ತ್ರ ಕೊಡಿ, ಜೊತೆಗೆ ಹಿತವಾಗಿ ಮಾತಾಡಿ ಎಂಬರ್ಥದ ಆದೇಶವೂ ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿದೆ.

ನಮ್ಮಲ್ಲಿ ಈ ಹೊರಗಿಡುವಿಕೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಬ್ರಿಟಿಷ್ ಭಾರತದ 1928ರ ಕಾಯಿದೆಯೇ ಸಾಕ್ಷಿ. ಅಂಗವೈಕಲ್ಯ, ರೋಗ ಮುಂತಾದವುಗಳಿಂದ ಹಿಂದೂವಿನ ವಾರಸಾ ಹಕ್ಕು ಹೋಗದು ಎಂದು ಸಾರಿದ ಸುಧಾರಣೆಯ ಕಾಯಿದೆ ಅದು. ಕುರುಡನಿಗೆ ಪಾಲು ಬಂತು, ಹೆಳವನಿಗೆ ಬಂತು. ಆದರೆ ಹುಟ್ಟಿನಿಂದ ಹುಚ್ಚನೋ ಜಡನೋ ಆದವನನ್ನು ಮಾತ್ರ ಹೆಸರಿಸಿ ಹೊರಗೇ ಉಳಿಸಿದರು! ಅವನು ಒಳಗೆ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮಿನಿಂದ. ಯಾವ ರೋಗ, ದೋಷ, ವೈಕಲ್ಯದ ಕಾರಣದಿಂದಲೂ ಯಾರಿಗೂ ಉತ್ತರಾಧಿಕಾರ ತಪ್ಪದು ಎಂದು ಅದು ಹೇಳಿತು. ವಿಜ್ಞಾನೇಶ್ವರನಿಂದ ಇಲ್ಲಿಗೆ ಹೆಚ್ಚು ಕಡಿಮೆ ಎಂಟೂವರೆ ಶತಮಾನ.

ಕಾಯಿದೆ ಬದಲಾದೊಡನೆ ಮನೆಯ ಜಗಲಿಯ ಮಾತು ಬದಲಾಗುತ್ತದೆಯೇ? ಇಲ್ಲಿ ನಾನು ನಮ್ಮ ಮನೆಯ ಸಂಗತಿಯನ್ನು ಹೇಳಬೇಕು. ನನ್ನ ದೊಡ್ಡಣ್ಣನಿಗೆ ಈಗ ಮೂವತ್ತೆರಡು ವರ್ಷ. ನಾವು ಅವನನ್ನು ಅಣ್ಣಯ್ಯ ಎನ್ನುತ್ತೇವೆ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಹತ್ತರವರೆಗೆ ಎಣಿಸಬಲ್ಲ; ಅದರಲ್ಲಿ ಏಳು ಕೆಲವು ಸಲ ಬಿಟ್ಟುಹೋಗುತ್ತದೆ. ಬೆಳಿಗ್ಗೆ ಬುಟ್ಟಿ ಹಿಡಿದು ತೋಟಕ್ಕೆ ಹೋಗಿ ಗೋಟಡಿಕೆ ಹೆಕ್ಕಿ ತರುತ್ತಾನೆ. ನಮ್ಮಲ್ಲಿ ಯಾರ ಕಣ್ಣಿಗೂ ಬೀಳದ ಅಡಿಕೆ ಅವನ ಕಣ್ಣಿಗೆ ಬೀಳುತ್ತದೆ. ಕಳೆದ ವರ್ಷ ಅಪ್ಪಯ್ಯ ತಾವು ಸ್ವಂತ ದುಡಿಮೆಯಿಂದ ಕೊಂಡ ಎರಡು ಎಕರೆ ತೋಟದ ಬಗ್ಗೆ ಉಯಿಲು ಬರೆಸಲು ಹೊರಟರು. ದಸ್ತಾವೇಜು ಬರೆಯುವವರೊಬ್ಬರು ಕರಡು ತಯಾರಿಸಿ ತಂದರು. ತೋಟವು ಕಿರಿಯ ಮಗನಿಗೆ. ಹಿರಿಯ ಮಗನು ಬುದ್ಧಿಮಾಂದ್ಯನಾದ ಕಾರಣ ಅವನ ಅನ್ನ, ವಸ್ತ್ರ, ಔಷಧೋಪಚಾರದ ಹೊಣೆ ಕಿರಿಯನದು. ಮಗಳ ಮದುವೆಯ ಖರ್ಚೂ ಅವನದೇ. ಆ ಕರಡನ್ನು ಓದಿ ನಾನು ಬೆರಗಾದೆ. ಬರೆದವರು ಮಿತಾಕ್ಷರೆಯ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೆ ಕಲ್ಯಾಣದ ಪಂಡಿತನ ವ್ಯವಸ್ಥೆಯೇ ಛಾಪಾ ಕಾಗದದ ಭಾಷೆಯಲ್ಲಿ ಇಳಿದುಬಂದಿತ್ತು, ನನ್ನನ್ನೂ ಸೇರಿಸಿ!

ನಾನು ಕೇಳಿದೆ, ಅಣ್ಣಯ್ಯನ ಹೆಸರಿಗೂ ಒಂದು ಪಾಲು ಬೇಡವೇ ಎಂದು. ದೊಡ್ಡಪ್ಪ ನಕ್ಕರು. “ಅವನಿಗೆ ಪಾಲು ಯಾಕೇ ಕೂಸೇ? ತೋಟ ತಗೊಂಡು ಅವನೇನು ಮಾಡ್ತಾನೆ? ಅನ್ನಕ್ಕೇನು ಕಮ್ಮಿ ಮಾಡ್ತಾನಾ ನಿನ್ನ ಸಣ್ಣಣ್ಣ?” ಎಂದರು. ಸಣ್ಣಣ್ಣ ಅನ್ನಕ್ಕೆ ಕಮ್ಮಿ ಮಾಡುವವನಲ್ಲ. ಅದು ನನಗೂ ಗೊತ್ತು. ಅವನು ಅಣ್ಣಯ್ಯನ ಗಡ್ಡ ಹೆರೆಯುವವನು, ಅವನಿಗೆ ಜ್ವರ ಬಂದರೆ ನಿದ್ದೆಗೆಡುವವನು. ಆದರೆ ಭರತನ ಅಣ್ಣಂದಿರೂ ಮೊದಲ ದಿನವೇ ಸೀಕಲು ಹಾಕಿರಲಾರರು. ಒಬ್ಬನ ಊಟ ಇನ್ನೊಬ್ಬನ ಸಜ್ಜನಿಕೆಯ ಮೇಲೆ ನಿಂತಿದ್ದರೆ ಆ ಸಜ್ಜನನಿಗೂ ಒಂದು ದಿನ ಭಾರವಾಗುತ್ತದೆ; ಅವನ ಕಾಲಾನಂತರ ಅವನ ಮಕ್ಕಳಿಗೆ ಇನ್ನೂ ಭಾರವಾಗುತ್ತದೆ. ಪಾಲು ಇರುವವನು ಮನೆಯಲ್ಲಿ ಕುಳಿತು ಉಣ್ಣುವುದಕ್ಕೂ ಪಾಲಿಲ್ಲದವನು ಉಣ್ಣುವುದಕ್ಕೂ ವ್ಯತ್ಯಾಸವುಂಟೆಂಬುದನ್ನು ನಮ್ಮ ಹೆಂಗಸರನ್ನು ಕೇಳಿದರೆ ಹೇಳಿಯಾರು.

ಇನ್ನು ಕರ್ಮದ ಮಾತು. ಈ ಸ್ಥಿತಿಯನ್ನು ಇಂಗ್ಲೆಂಡಿನ ಜಾನ್ ಲ್ಯಾಂಗ್‌ಡನ್ ಡೌನ್ ಎಂಬ ವೈದ್ಯರು 1866ರಲ್ಲಿ ವರ್ಣಿಸಿದರು. ಪ್ಯಾರಿಸ್ಸಿನ ವೈದ್ಯವಿಜ್ಞಾನಿಗಳು 1959ರಲ್ಲಿ ಕಾರಣವನ್ನು ಪ್ರಕಟಿಸಿದರು: ಇಪ್ಪತ್ತೊಂದನೆಯ ವರ್ಣತಂತು ಎರಡಿರಬೇಕಾದಲ್ಲಿ ಮೂರಿರುವುದು. ಬಹುತೇಕ ಇದು ವಂಶದಲ್ಲಿ ಹರಿದು ಬರುವುದಲ್ಲ. ಜೀವಕೋಶ ಒಡೆಯುವಾಗ ಆಗುವ ಆಕಸ್ಮಿಕ. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಹೆಚ್ಚು. ಆದರೂ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಇದನ್ನು ನಾನು ಅಮ್ಮನಿಗೆ ವಿವರಿಸಿದಾಗ ಅವರು ಎಲ್ಲವನ್ನೂ ಕೇಳಿ, “ಹಾಗಾದರೆ ಆ ಮೂರನೆಯದನ್ನು ಅಲ್ಲಿ ಇಟ್ಟವರು ಯಾರು?” ಎಂದರು. ವಿಜ್ಞಾನ ಹೇಗೆ ಎಂಬುದನ್ನು ಹೇಳುತ್ತದೆ. ನನಗೇ ಏಕೆ ಎಂಬ ತಾಯಿಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕರ್ಮಸಿದ್ಧಾಂತದಲ್ಲಿ ಉತ್ತರವುಂಟು. ಆದರೆ ಆ ಉತ್ತರ ಅಮ್ಮನನ್ನು ಇಪ್ಪತ್ತು ವರ್ಷ ಯಾವ ಮದುವೆಮನೆಗೂ ಅಣ್ಣಯ್ಯನನ್ನು ಕರೆದುಕೊಂಡು ಹೋಗದಂತೆ ಮಾಡಿತ್ತು. ಯೇಸುವಿನ ಶಿಷ್ಯರೂ ಒಬ್ಬ ಹುಟ್ಟುಕುರುಡನನ್ನು ಕಂಡು, ಇದು ಇವನ ಪಾಪವೋ ಇವನ ತಂದೆತಾಯಿಯರದೋ ಎಂದು ಕೇಳಿದರಂತೆ. ಎರಡೂ ಅಲ್ಲವೆಂದು ಆತ ಹೇಳಿದನೆಂದು ಯೋಹಾನನ ಸುವಾರ್ತೆಯಲ್ಲಿದೆ. ಪ್ರಶ್ನೆ ಎಲ್ಲ ದೇಶದಲ್ಲಿಯೂ ಒಂದೇ ಎಂದಾಯಿತು.

ಇನ್ನೊಂದು ಅಂಶವನ್ನು ಗಮನಿಸಬೇಕು. ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯುಷ್ಯ ಅಮೆರಿಕದಲ್ಲಿ 1983ರಲ್ಲಿ ಸುಮಾರು 25 ವರ್ಷವಿದ್ದುದು ಈಗ 60ರ ಹತ್ತಿರಕ್ಕೆ ಬಂದಿದೆ. ಹುಟ್ಟಿನಿಂದಲೇ ಇರುವ ಹೃದಯದ ದೋಷಕ್ಕೆ ಶಸ್ತ್ರಚಿಕಿತ್ಸೆ ದೊರೆತದ್ದು, ಇವರನ್ನು ದೊಡ್ಡ ಆಶ್ರಮಗಳಲ್ಲಿ ಕೂಡಿಹಾಕುವುದು ನಿಂತದ್ದು ಇದಕ್ಕೆ ಮುಖ್ಯ ಕಾರಣಗಳು. ಹಿಂದಿನ ತಾಯಂದಿರು “ನನಗಿಂತ ಒಂದು ದಿನ ಮೊದಲು ಅವನನ್ನು ಕರೆದುಕೋ” ಎಂದು ದೇವರಲ್ಲಿ ಬೇಡುತ್ತಿದ್ದರು. ನಮ್ಮಮ್ಮ ಈಗಲೂ ಬೇಡುತ್ತಾರೆ. ಆದರೆ ಮಗ ತಾಯಿಗಿಂತ ಹೆಚ್ಚು ಬಾಳುವ ಕಾಲ ಬಂದಿದೆ. ಈ ಪ್ರಾರ್ಥನೆಯನ್ನು ಕೇಳಿ ನಾವು ಕಣ್ಣೀರು ಹಾಕುತ್ತೇವೆ; ಅದರ ಅರ್ಥವೇನೆಂದು ಬಿಡಿಸಿ ನೋಡುವುದಿಲ್ಲ. ಒಬ್ಬ ಆರೋಗ್ಯವಂತ ಮನುಷ್ಯ ಸಾಯಲಿ ಎಂದು ಅವನ ತಾಯಿಯೇ ಬೇಡಬೇಕಾದರೆ, ಊರು, ಬಂಧುಬಳಗ, ಮಠ, ದೇವಸ್ಥಾನ ಯಾವುದರ ಮೇಲೆಯೂ ಅವಳಿಗೆ ಭರವಸೆಯಿಲ್ಲ ಎಂದಲ್ಲವೇ?

ಅಣ್ಣಯ್ಯನ ಶ್ರದ್ಧೆ ಎಂಥದು ಎಂಬುದನ್ನು ಯಾರೂ ಕೇಳಿದ್ದಿಲ್ಲ. ಅವನಿಗೂ ಉಪನಯನವಾಗಿದೆ, ಮಂತ್ರವನ್ನೆಲ್ಲ ಅಪ್ಪಯ್ಯನೇ ಹೇಳಿದರು. ಬೌಧಾಯನನ ಹೆಸರು ಅವರಿಗೆ ಆಗ ತಿಳಿದಿರಲಿಲ್ಲ. ಬೇರೆ ಉಪಾಯವಿಲ್ಲದೆ ಹಾಗೆ ಮಾಡಿದ್ದು. ಸಂಜೆ ಊರ ದೇವಸ್ಥಾನದಲ್ಲಿ ಮಂಗಳಾರತಿಗೆ ಜಾಗಟೆ ಬಾರಿಸುವವನು ಅವನೇ. ಗಡಿಯಾರ ನೋಡಲು ಬಾರದು, ಆದರೂ ಮಳೆಗಾಲದಲ್ಲಿ ಕೂಡ ಭಟ್ಟರು ಬರುವುದರೊಳಗೆ ಹೋಗಿ ಕುಳಿತಿರುತ್ತಾನೆ. ಮನೆಯಲ್ಲಿ ದೇವರಿಗೆ ದೀಪ ಹಚ್ಚಲು ಮರೆತರೆ ಎಲ್ಲರನ್ನೂ ಎಳೆದು ತರುತ್ತಾನೆ. ಇದು ಭಕ್ತಿಯೇ, ಅಭ್ಯಾಸವೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ನಮ್ಮೆಲ್ಲರದು ಯಾವುದು ಎಂದು ನಾನು ಮರುಪ್ರಶ್ನೆ ಹಾಕಿದೆ. ಆದರೆ ಒಂದು ವರ್ಷ ಸತ್ಯನಾರಾಯಣ ಪೂಜೆಯ ಸಂಕಲ್ಪದಲ್ಲಿ ಮನೆಯವರೆಲ್ಲರ ಹೆಸರು, ನಕ್ಷತ್ರ ಹೇಳುವಾಗ ಪುರೋಹಿತರು ಅಣ್ಣಯ್ಯನನ್ನು ಬಿಟ್ಟು ಸಣ್ಣಣ್ಣನ ಹೆಸರಿಗೆ ಹೋದರು. ಸದಾ ಮೌನವಾಗಿರುವ ಅಮ್ಮ ಒಳಗಿನಿಂದಲೇ, “ಹಿರಿಯವನದು ಅನೂರಾಧಾ ನಕ್ಷತ್ರ” ಎಂದರು. ಪುರೋಹಿತರು ಮತ್ತೆ ಮೊದಲಿನಿಂದ ಹೇಳಿದರು. ಅಣ್ಣಯ್ಯನಿಗೆ ತನ್ನ ಹೆಸರು ಕೇಳಿಸಿತು, ಜೋರಾಗಿ “ನಾನು!” ಎಂದ. ಎಲ್ಲರೂ ನಕ್ಕರು. ಪ್ರಸಾದದಲ್ಲಿ ಅವನಿಗೆ ಎಂದೂ ಕಡಿಮೆಯಾಗಿದ್ದಿಲ್ಲ, ಎರಡು ಪಟ್ಟು ಸಿಗುತ್ತದೆ. ಬಿಟ್ಟುಹೋಗುತ್ತಿದ್ದುದು ಹೆಸರು.

ಸಾಕುವ ಬಂಧುಗಳೇ ಇಲ್ಲದವರ ಪಾಡೇನು? ಇದಕ್ಕೆ ಕ್ರೈಸ್ತರಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳಬೇಕು. ಜಾನ್ ವಾನಿಯೆ ಎಂಬಾತ 1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಇಂಥ ವಯಸ್ಕರನ್ನು ತನ್ನ ಮನೆಗೆ ಕರೆತಂದು ಅವರ ಜೊತೆಯಲ್ಲೇ ವಾಸಮಾಡತೊಡಗಿದ. ಅದಕ್ಕೆ ‘ಲಾರ್ಶ್’, ಎಂದರೆ ನಾವೆ ಎಂಬ ಹೆಸರು. ಭಾರತದಲ್ಲಿ ಅದರ ಮೊದಲ ಮನೆ 1970ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ‘ಆಶಾನಿಕೇತನ’ ಎಂದು ಆರಂಭವಾಯಿತು. ಹಾರ್ವರ್ಡಿನಲ್ಲಿ ಪಾಠ ಹೇಳುತ್ತಿದ್ದ ಹೆನ್ರಿ ನೌವೆನ್ ಎಂಬ ಪಾದ್ರಿ ಎಲ್ಲವನ್ನೂ ಬಿಟ್ಟು 1986ರಲ್ಲಿ ಕೆನಡಾದ ಇಂಥ ಮನೆಯೊಂದಕ್ಕೆ ಹೋದರು. ಮಾತೇ ಬಾರದ, ಮೂರ್ಛೆರೋಗವಿದ್ದ ಆ್ಯಡಮ್ ಎಂಬ ಯುವಕನಿಗೆ ಬೆಳಿಗ್ಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ತಿಂಡಿ ತಿನ್ನಿಸುವುದು ಅವರ ಪಾಲಿಗೆ ಬಂದ ಕೆಲಸ. ಆ್ಯಡಮ್ 1996ರಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡ. ನೌವೆನ್ ಅವನ ಬಗ್ಗೆ ಪುಸ್ತಕ ಬರೆಯುತ್ತಿದ್ದು ಅದೇ ವರ್ಷ ತೀರಿಕೊಂಡರು. ಆ ಪುಸ್ತಕದಲ್ಲಿ ಆ್ಯಡಮ್ ತನ್ನ ಗುರುವೆಂದು ನೌವೆನ್ ಹೇಳುತ್ತಾರೆ. ಇಲ್ಲಿಯೂ ಅವನು ಅಲ್ಪಸ್ವಲ್ಪ ಜಡಭರತನಾದನೇ ಎಂಬ ಅನುಮಾನ ನನಗೆ ಬರದೆ ಇಲ್ಲ. ಆದರೆ ಸ್ನಾನ ಮಾಡಿಸಿದ್ದು ನಿಜ, ದಿನವೂ ಮಾಡಿಸಿದ್ದು ನಿಜ, ಅದನ್ನು ಅನುಮಾನಿಸುವಂತಿಲ್ಲ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಸಂತನೆಂದು ಜಗತ್ತೇ ಕೊಂಡಾಡಿದ ವಾನಿಯೆ 2019ರಲ್ಲಿ ತೀರಿಕೊಂಡ. ಆತನು ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಆರು ಮಂದಿ ಹೆಂಗಸರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದನೆಂದು ಆ ಸಂಸ್ಥೆಯೇ ನಡೆಸಿದ ವಿಚಾರಣೆಯಿಂದ 2020ರಲ್ಲಿ ಹೊರಬಂತು. ಅವರಾರೂ ವಿಕಲಚೇತನರಲ್ಲ. ಸಂಸ್ಥೆ ತಾನಾಗಿ ಅದನ್ನು ಪ್ರಕಟಿಸಿತು, ಮನೆಗಳು ಮುಂದುವರಿದಿವೆ. ಇಂಥ ಮನೆಯನ್ನು ಒಬ್ಬರ ಪವಿತ್ರತೆಯ ಮೇಲೆ ನಂಬಿ ಬಿಡಬಾರದು. ಅಲ್ಲಿ ಲೆಕ್ಕ ಕೇಳುವವರು ಇರಬೇಕು. ಈ ಮಾತು ಆಶ್ರಮಗಳಿಗೂ ಮಠಗಳಿಗೂ ಹೇಗೋ ಅಣ್ಣತಮ್ಮಂದಿರಿಗೂ ಹಾಗೆಯೇ.

ನಮ್ಮ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ನನಗೆ ಹಿಡಿಸಿದ್ದು ಇದೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇವುಳ್ಳವರಿಗೆ ಹದಿನೆಂಟು ತುಂಬಿದ ಮೇಲೂ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗಿದೆ. ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನರು ಅದರಲ್ಲಿರುತ್ತಾರೆ. ಪೋಷಕನಾದವನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಹಿಂಸಿಸಿದರೆ, ಅಲಕ್ಷಿಸಿದರೆ, ಆಸ್ತಿ ನುಂಗಿದರೆ ಅವನನ್ನು ತೆಗೆಯಬಹುದು. ಆಸ್ತಿಯನ್ನು ಹೊಂದುವ, ವಾರಸಾಗಿ ಪಡೆಯುವ ಹಕ್ಕು ಇತರರಂತೆಯೇ ಇವರಿಗೂ ಉಂಟೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸ್ಪಷ್ಟಪಡಿಸಿದೆ. ಆಚಾರ್ಯನು ವಟುವಿನ ಬಾಯಾಗಿ ಮಂತ್ರ ಹೇಳಿದಂತೆ ಇಲ್ಲಿ ಪೋಷಕನು ಒಡೆಯನ ಕೈಯಾಗಿ ರುಜು ಹಾಕುತ್ತಾನೆ. ಆದರೆ ತಂದೆ ತನ್ನ ಸ್ವಯಾರ್ಜಿತವನ್ನು ಉಯಿಲಿನಲ್ಲಿ ಬೇರೆಯವರಿಗೆ ಬರೆದರೆ ಕಾಯಿದೆ ತಡೆಯಲಾರದು. ಅಲ್ಲಿ ಕಾಯಿದೆಯ ಕೆಲಸ ಮುಗಿದು ತಂದೆಯ ಕೆಲಸ ಆರಂಭವಾಗುತ್ತದೆ.

ಇದನ್ನೆಲ್ಲ ನಾನು ಅಪ್ಪಯ್ಯನಿಗೆ ಓದಿ ಹೇಳಿದ್ದೇನೆ. ದೊಡ್ಡಪ್ಪನಿಗೆ ಸಮಾಧಾನವಾಗಿಲ್ಲ, “ಲೆಕ್ಕ ಕೇಳಿದರೆ ಮನೆ ಮುರಿಯುತ್ತದೆ” ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ತನ್ನ ಸ್ವಂತ ಅಣ್ಣನಿಗೆ ಹಾಕಿದ ಅನ್ನಕ್ಕೆ ಜಿಲ್ಲಾಧಿಕಾರಿಗಳ ಕಚೇರಿಗೆ ಲೆಕ್ಕ ಕೊಡುವುದೆಂದರೆ ಸಣ್ಣಣ್ಣನಿಗೂ ಒಳಗೊಳಗೆ ನೋವಾಗಿದೆ. ಆದರೂ ಅವನು ಬೇಡವೆನ್ನಲಿಲ್ಲ. ಕರಡಿನ ಮೇಲೆ ಅಪ್ಪಯ್ಯ ಪೆನ್ಸಿಲಿನಿಂದ ಗೆರೆ ಎಳೆದು, ಮನೆಯ ಹಿಂದಿನ ಬಾವಿಯ ಬದಿಯ 20 ಗುಂಟೆ ಎಂದು ಅಂಚಿನಲ್ಲಿ ಬರೆದಿದ್ದಾರೆ. ಗೋಟಡಿಕೆ ಹೆಚ್ಚು ಬೀಳುವ ತುಂಡು ಅದು. ಅದರ ಪಕ್ಕದಲ್ಲಿ ಅಣ್ಣಯ್ಯನ ಹೆಸರಿದೆ. ಪೋಷಕರ ಜಾಗ ಖಾಲಿಯಿದೆ. ಸಣ್ಣಣ್ಣನ ಹೆಸರೊಂದೇ ಸಾಕೇ, ನನ್ನದೂ ಇರಲೇ ಎಂಬುದು ತೀರ್ಮಾನವಾಗಬೇಕು. ಮದುವೆಯಾಗಿ ಹೋಗುವವಳು ನಾನು ಎಂಬುದು ಅಮ್ಮನ ಆಕ್ಷೇಪ. ಭರತನ ಸೋದರಿಗಾದರೂ ಯಾರೂ ಇದನ್ನು ಕೇಳಿರಲಿಲ್ಲ. ನನ್ನನ್ನು ಕೇಳಿದ್ದಾರೆ, ಇರಲಿ ಎಂದು ಹೇಳಿದ್ದೇನೆ. ಕೊನೆಕೊಯ್ಲು ಮುಗಿದ ಮೇಲೆ ವೈಕಲ್ಯದ ಪ್ರಮಾಣಪತ್ರ, ಆಧಾರ್, ಪಹಣಿ ಎಲ್ಲವನ್ನೂ ಜೋಡಿಸಿಕೊಂಡು ಅಣ್ಣಯ್ಯನನ್ನೂ ಕರೆದುಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುವುದೆಂದಾಗಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ತನ್ನದೆಂದು ಅವನು ಈಗಲೇ ಹೇಳಿಟ್ಟಿದ್ದಾನೆ.